ಮಿನತಿ ಚುನಾವಣೆಗೆ ನಿಂತ ವರ್ಷ

"ಅಭ್ಯರ್ಥಿ ಎಲ್ಲದಾರ್ರೀ?" ಗೋಡೆಯ ಮೇಲೆ ಪ್ರಚಾರ ಬರೆಯಲು ಸಿಂಧನೂರಿನಿಂದ ಸೈಕಲ್ ಮೇಲೆ ಬಂದ ಪಂಪಣ್ಣ ಕೇಳಿದ.

"ನಿಮ್ಮ ಮುಂದನ ನಿಂತೀನಿ," ಎಂದಳು ಮಿನತಿ.

ಅವನು ಯಾರೋ ಗಂಡಸನ್ನು ಹುಡುಕುತ್ತಿದ್ದ. ಅವನ ಕಿವಿಗಳು ಕೆಂಪಾದವು. ಅವಳು ತುಟಿ ಕಚ್ಚಿಕೊಂಡರೂ ಕಣ್ಣುಗಳು ನಕ್ಕುಬಿಟ್ಟವು.

1993ರ ಡಿಸೆಂಬರ್. ಪೂರ್ವ ಬಂಗಾಳದಿಂದ ಬಂದು ನೆಲೆಸಿದವರ ಆ ಕ್ಯಾಂಪಿನಲ್ಲಿ ಹೆಂಗಸೊಬ್ಬಳು ಪಂಚಾಯಿತಿಗೆ ನಿಂತದ್ದು ಅದೇ ಮೊದಲು. ಹೆರಿಗೆ ನೋವಿನಲ್ಲಿದ್ದ ಅವಳ ಅತ್ತಿಗೆ ಸಿಂಧನೂರು ಮುಟ್ಟುವ ಮೊದಲೇ ಗಾಡಿಯಲ್ಲಿ ತೀರಿಕೊಂಡಿದ್ದಳು. ಕ್ಯಾಂಪಿಗೊಬ್ಬ ನರ್ಸ್ ಬೇಕೆಂದು ಮಿನತಿ ಅಂದಿನಿಂದ ಒಂದು ಕಡೆ ಕೂತವಳಲ್ಲ.

ಎರಡು ದಿನದ ಕೆಲಸಕ್ಕೆ ಪಂಪಣ್ಣ ಐದು ದಿನ ಬಂದ. ಅವಳ ಭಾಷಣ ಕೇಳಿ, ತಪ್ಪಿದ ಮಾತು ತಿದ್ದಿದ.

"ನನ್ನ ಕನ್ನಡಕ್ಕ ಜನ ನಗತಾರ."

"ನಗಲಿ ಬಿಡ್ರಿ. ನಗಾಕರ ಕೇಳ್ತಾರಲ್ಲ."

ಐದನೆಯ ದಿನ ಬ್ರಷ್ ತೊಳೆಯುತ್ತಾ, ಅವಳ ಮುಖ ನೋಡದೆ ಹೇಳಿದ: "ಲಿಂಗಸುಗೂರಾಗ ಅಂಗಡಿ ಹಾಕಾಕತ್ತೀನಿ. ಮದುವಿಯಾಗಿ ನೀವೂ ಬಂದ್ರ..."

"ಈಗ ಕೇಳಬ್ಯಾಡ್ರಿ," ಎಂದಳು.

ಹನ್ನೊಂದು ಮತಗಳಿಂದ ಗೆದ್ದಳು. ಅವನು ಬರಲಿಲ್ಲ. ಹೊರಗೆ ಸೈಕಲ್ ಗಂಟೆ ಕೇಳಿದರೆ ಸಾಕು, ಅವಳು ಬಾಗಿಲಿಗೆ ಬರುತ್ತಿದ್ದಳು. ಹಾಲಿನವನು, ಪೋಸ್ಟ್‌ಮನ್, ಯಾರೋ. ಮೂರು ವಾರ ಹೀಗೇ ಕಳೆದು, ಒಂದು ಬೆಳಿಗ್ಗೆ ಒಬ್ಬಳೇ ಲಿಂಗಸುಗೂರಿನ ಬಸ್ಸು ಹತ್ತಿದಳು.

ಅವಳನ್ನು ಕಂಡು ಪಂಪಣ್ಣ ಅಂಗಡಿ ಮುಂದಿನ ಏಣಿಯಿಂದ ಇಳಿದ.

"ಯಾಕ ಬರಲಿಲ್ಲ?"

"ನೀವೀಗ ಮೆಂಬರ್ರು. ನಾ ಕೇಳಿದ್ದು ನಿಮಗ ತೊಡಕಾಗಬಾರದಂತ..."

"ಮದುವಿಯಾದ್ರ ನಾ ಇಲ್ಲಿಗೆ ಬರಂಗಿಲ್ಲ. ಐದು ವರ್ಷ ಕ್ಯಾಂಪ್ ಬಿಡಂಗಿಲ್ಲ." ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. "ಪಂಚಾಯ್ತ್ಯಾಗ ಬ್ಯಾರೆ ಹೆಣ್ಮಕ್ಕಳ ಕುರ್ಚಿಮ್ಯಾಲೆ ಅವರ ಗಂಡಂದಿರು ಕುಂತಾರ. ನನ್ನ ಕುರ್ಚಿಮ್ಯಾಲೆ ನೀವು ಕೂಡಂಗಿಲ್ಲ."

"ಮತ್ತ ನಾ ಎಲ್ಲಿ ಕೂಡಲಿ?"

"ನನ್ನ ಮನ್ಯಾಗ."

ಹೇಳಿದ ಮೇಲೆ ಅವಳಿಗೇ ನಾಚಿಕೆಯಾಗಿ ರಸ್ತೆಯ ಕಡೆ ತಿರುಗಿದಳು. ಹಿಂದೆ ಅಂಗಡಿಯ ಬಾಗಿಲು ಎಳೆದ ಸದ್ದಾಯಿತು.

ಸಿಂಧನೂರಿನ ಬಸ್ಸು ಮಸ್ಕಿ ದಾಟುವಾಗ ಇಬ್ಬರೂ ಒಂದೇ ಸೀಟಿನಲ್ಲಿದ್ದರು.

"ನಿಮ್ಮವ್ವ ಏನಂತಾರ?" ಅವನು ಕೇಳಿದ.

"ಬೈತಾಳ. ಆಮ್ಯಾಲೆ ಊಟಕ್ಕ ಕೂಡಸ್ತಾಳ," ಎಂದ ಮಿನತಿ ಬಣ್ಣ ಮೆತ್ತಿದ ಅವನ ಬೆರಳುಗಳನ್ನು ಸೆರಗಿನಡಿ ಹಿಡಿದುಕೊಂಡಳು.