ಹೆಸರು ಹೇಳು... ಹೊಡೀತೀನಿ!

“ಹೆಸರು ಹೇಳ್ರೀ!”

ಹೋಯ್-ಲಾಮ್ ಸ್ಟೂಲಿನಿಂದ ಎದ್ದು ನಿಂತೇ ಕೇಳಿದಳು. ಬಲಗೈಯಲ್ಲಿ ಹಳೇ ಚಪ್ಪಲಿ. ಮುಖ ಕೆಂಪಗಾಗಿತ್ತು.

ಎದುರಿಗಿದ್ದ ಯುವಕ ಒಂದು ಹೆಜ್ಜೆ ಹಿಂದೆ ಸರಿದ. ಅವನ ಕೈಯಲ್ಲಿ ಗೈಡುಗಳು ಎತ್ತಿ ಹಿಡಿಯುವ ಬಣ್ಣದ ಗಿರಗಿಟ್ಲೆ, ಕುತ್ತಿಗೆಯಲ್ಲಿ ಮೈಕು, ಬೆನ್ನ ಹಿಂದೆ ಬಾಯಿ ಬಿಟ್ಟುಕೊಂಡು ನಿಂತ ಪ್ರವಾಸಿಗರ ದಂಡು.

“ಯಾ... ಯಾರ ಹೆಸರು?”

“ನಿಮ್ದೇ! ಈಗ ಮೈಕಲ್ಲಿ ಏನಂದ್ರಿ? ಇನ್ನೊಂದ್ಸಲ ಅನ್ನಿ ನೋಡೋಣ!”

“ಕಾಸ್‌ವೇ ಬೇಯಲ್ಲಿ ನೋಡಲೇಬೇಕಾದ ಜಾಗಗಳಲ್ಲಿ ಇದು ನಾಲ್ಕನೇದು ಅಂದೆ... ಅದರಲ್ಲೇನು ತಪ್ಪು?”

“ನಾಲ್ಕು! ಲಿಫ್ಟಲ್ಲಿ ನಾಲ್ಕನೇ ಮಹಡಿಯ ಗುಂಡಿ ಇಡೋಕೂ ಹೆದರೋ ಊರು ಇದು. ಸಾವಿನ ಸಂಖ್ಯೆ ತಂದು ನಮ್ಮಜ್ಜಿ ಜಾಗಕ್ಕೆ ಅಂಟಿಸ್ತೀರಾ? ಇದೇ ಊರಲ್ಲಿ ಹುಟ್ಟಿದೋರು ತಾನೆ ನೀವು?”

ಅವನು ಪಕ್ಕದ ಸ್ಟೂಲಿನ ಮೇಲೆ ಕೂತಿದ್ದ ಮುದುಕಿಯನ್ನು ನೋಡಿದ. ಅಜ್ಜಿ ಹಲ್ಲಿಲ್ಲದ ಬಾಯಲ್ಲಿ ಕಿತ್ತಳೆ ತೊಳೆ ಚೀಪುತ್ತಾ ಮಜವಾಗಿ ತಮಾಷೆ ನೋಡುತ್ತಿದ್ದಳು.

ಹಾಂಕಾಂಗಿನವರು ‘ಹೆಬ್ಬಾತಿನ ಕೊರಳು’ ಎಂದು ಕರೆಯುವ ಆ ಮೇಲ್ಸೇತುವೆಯ ಕೆಳಗೆ ಕೂತವರ ಕಸುಬೇ ಹೊಡೆಯುವುದು. ಮೇಲಧಿಕಾರಿ ಕಾಡಿದನೇ, ನೆರೆಯವಳು ಚಾಡಿ ಹೇಳಿದಳೇ, ಗಂಡನ ಮೇಲೆ ಯಾರಾದರೂ ಕಣ್ಣು ಹಾಕಿದರೇ... ಬನ್ನಿ, ಹೆಸರು ಹೇಳಿ. ಕಾಗದದ ಬೊಂಬೆಯ ಮೇಲೆ ಆ ಹೆಸರು ಬರೆದು, ಇಟ್ಟಿಗೆಯ ಮೇಲಿಟ್ಟು, ಚಪ್ಪಲಿಯಲ್ಲಿ ಚಚ್ಚಿ ಕೊಡುತ್ತಾರೆ. ಹೊಡೆಸಿಕೊಂಡವರಿಗೆ ಏನಾಗುತ್ತದೋ ದೇವರೇ ಬಲ್ಲ, ಹೊಡೆಸಿದವರ ಹೊಟ್ಟೆಯುರಿಯಂತೂ ತಣ್ಣಗಾಗುತ್ತದೆ. ಅಜ್ಜಿಯ ಭುಜ ಸೋತ ಮೇಲೆ ಚಪ್ಪಲಿ ಮೊಮ್ಮಗಳ ಕೈಗೆ ಬಂದಿತ್ತು.

ಅವನು ಗಿರಗಿಟ್ಲೆ ಪಕ್ಕಕ್ಕಿಟ್ಟು, ಗಿರಾಕಿಗಳ ಸ್ಟೂಲಿನ ಮೇಲೆ ಕೂತೇಬಿಟ್ಟ.

“ಲೋಕ್-ಹಾಂಗ್. ಬರ್ಕೊಳ್ಳಿ. ಎಲ್ಲಿಗೆ ಬೇಕಾದ್ರೂ ಹೊಡೀರಿ, ಬಾಯಿ ಒಂದು ಬಿಟ್ಟುಬಿಡಿ. ಹೊಟ್ಟೆಪಾಡೆಲ್ಲ ಅದರಲ್ಲೇ ನಡೀಬೇಕು.”

ಪ್ರವಾಸಿಗರು ಗೊಳ್ಳೆಂದು ನಕ್ಕರು. ಅವಳು ಚಚ್ಚಿದಳು. ಒಂದೊಂದು ಏಟಿಗೂ ಅವನು “ಅಯ್ಯೋ! ಅಮ್ಮಾ!” ಎಂದು ನರಳಿದ. ನಗಬಾರದು, ನಗಬಾರದು ಎಂದುಕೊಳ್ಳುತ್ತಲೇ ಅವಳು ನಕ್ಕುಬಿಟ್ಟಳು.

ಹೊಡೆದಾದ ಮೇಲೆ ಒಂದು ಕೆಂಪು ಕಾಗದ ಸುಡುವುದು ವಾಡಿಕೆ. ಕೆಟ್ಟವರು ತೊಲಗಿದರು, ಇನ್ನು ಬಾಳಿಗೊಬ್ಬ ಪುಣ್ಯಾತ್ಮರು ಬರಲಿ ಎಂದು.

“ನನ್ನ ಬಾಳಿಗೂ ಒಬ್ಬರು ಪುಣ್ಯಾತ್ಮರು ಬರ್ಲಿ ಅಂತ ಕೇಳ್ಕೊಳ್ಳಿ,” ಎಂದ. “ಚಪ್ಪಲಿ ಹಿಡ್ಕೊಂಡು ಬಂದ್ರೂ ಪರವಾಗಿಲ್ಲ.”

‘ಎಂಥಾ ತಲೆಹರಟೆ!’ ಎಂದುಕೊಂಡಳು ಹೋಯ್-ಲಾಮ್. ಆದರೆ ಅವನು ಹೋದ ದಾರಿಯನ್ನೇ ಯಾಕೆ ನೋಡುತ್ತಾ ನಿಂತಳು? ಅದನ್ನು ನೀವೇ ಹೇಳಿ!

ಮರುದಿನ ಸೇತುವೆಯ ಆಚೆಯಿಂದಲೇ ಮೈಕು ಕೂಗಿತು. “ಬನ್ನಿ ಬನ್ನಿ! ಕಾಸ್‌ವೇ ಬೇಯಲ್ಲಿ ನೋಡಲೇಬೇಕಾದ ಜಾಗಗಳಲ್ಲಿ ಮೊಟ್ಟಮೊದಲನೇದು ಇದೇ!”

ಅಂದಿನಿಂದ ಅವನು ಅಜ್ಜಿಗೆ ಬಿಸಿ ಬಿಸಿ ಮೊಟ್ಟೆ ಟಾರ್ಟ್ ತರದ ದಿನವಿಲ್ಲ. ಅಜ್ಜಿಗೆ ಟಾರ್ಟ್ ತರುವವನು ಮೊಮ್ಮಗಳ ಮುಖ ಯಾಕೆ ನೋಡಬೇಕು, ಅಜ್ಜಿಗೇನು ಅಷ್ಟೂ ತಿಳಿಯುವುದಿಲ್ಲವೇ?

“ನೀನು ಮಧ್ಯಾಹ್ನದ ಫಿರಂಗಿ ನೋಡಿದೀಯಾ?” ಒಂದು ದಿನ ಕೇಳಿದ. ಅಷ್ಟರಲ್ಲಿ ನೀವು ಹೋಗಿ ನೀನು ಬಂದಿತ್ತು.

“ಹುಟ್ಟಿದಾಗಿಂದ ಕೇಳಿದೀನಿ. ಅದು ಢಂ ಅಂದ್ರೆ ಅಜ್ಜಿ ಊಟದ ಡಬ್ಬಿ ತೆಗೀತಾಳೆ.”

“ಕೇಳಿರೋದಲ್ಲ, ನೋಡಿರೋದು.”

ನೋಡಿರಲಿಲ್ಲ. ಯಾವ ಯಾವ ದೇಶದಿಂದಲೋ ಜನ ಬಂದು ನೋಡಿ ಹೋಗುವುದನ್ನು, ಕೂಗಿದರೆ ಕೇಳುವಷ್ಟು ದೂರದಲ್ಲಿದ್ದ ಅವಳು ನೋಡಿರಲಿಲ್ಲ. “ಹೋಗು ಮಾರಾಯ್ತಿ, ನನ್ನ ಭುಜ ಇವತ್ತು ಚೆನ್ನಾಗಿದೆ,” ಎಂದು ಅಜ್ಜಿಯೇ ತಳ್ಳಿ ಕಳಿಸಿದಳು.

ಬಂದರಿನ ದಡದಲ್ಲಿ ಗಾಳಿ ಜೋರಾಗಿತ್ತು. ತೂಫಾನಿಗೆ ಹೆದರಿ ದೋಣಿಗಳು ಸೇರುವ ಆ ಮೂಲೆಯಲ್ಲಿ ಹಳೇ ಮೀನುದೋಣಿಗಳೂ ಬಿಳಿ ವಿಹಾರ ನೌಕೆಗಳೂ ಒಟ್ಟಿಗೆ ತೂಗುತ್ತಿದ್ದವು. ಸಮವಸ್ತ್ರದ ಕಾವಲುಗಾರ ಗಂಟೆ ಬಾರಿಸಿ, ಫಿರಂಗಿಯ ಹಗ್ಗಕ್ಕೆ ಕೈ ಹಾಕಿದ. ಅದೇ ಕ್ಷಣ ಲೋಕ್-ಹಾಂಗ್ ಅವಳ ಕಡೆ ತಿರುಗಿ ಏನೋ ಹೇಳಿದ.

ಢಂ!

“ಏನಂದೆ?” ಅವಳು ಕಿವಿ ಮುಚ್ಚಿಕೊಂಡೇ ಕೂಗಿದಳು.

“ಏನಿಲ್ಲ... ಇನ್ನೊಂದು ದಿನ ಹೇಳ್ತೀನಿ.”

ಅವನ ಅಗಲ ಕಿವಿಗಳು ಕೆಂಪಾಗಿದ್ದವು. ಎಷ್ಟು ಪೀಡಿಸಿದರೂ ಬಾಯಿ ಬಿಡಲಿಲ್ಲ, ಆಸಾಮಿ!

ಆಮೇಲೆ ಭಾನುವಾರಗಳೆಲ್ಲ ಅವರದ್ದೇ ಆದವು. ಟ್ರಾಮಿನ ಮೇಲಂತಸ್ತಿನ ಮುಂದಿನ ಸೀಟು, ವಿಕ್ಟೋರಿಯಾ ಪಾರ್ಕಿನ ಹುಲ್ಲು, ರಸ್ತೆ ಬದಿಯ ಮೀನುಂಡೆ. ಹೋಯ್-ಲಾಮ್ ತನ್ನ ಊರನ್ನು ಅವನ ಕಣ್ಣಲ್ಲಿ ನೋಡಿದಳು. ಇಷ್ಟು ಚಂದದ ಊರೇ ಇದು! ಇಷ್ಟು ದಿನ ಎಲ್ಲಿತ್ತು?

“ಅಮ್ಮನಿಗೆ ನಿನ್ನ ಹೆಸರು ಹೇಳಿದೀನಿ,” ಎಂದ ಒಂದು ಸಂಜೆ.

ಅವಳು ಥಟ್ಟನೆ ಅವನ ಕಡೆ ತಿರುಗಿದಳು. “ನನ್ನ ಕೆಲಸ ಏನು ಅಂತ?”

ಅವನು ತಲೆ ಕೆರೆದುಕೊಂಡ. “ಅದು... ಸಮಯ ನೋಡ್ಕೊಂಡು ಹೇಳ್ತೀನಿ.”

ಚುರ್ರೆಂದಿತು. ‘ಸಮಯ ಯಾಕೆ ನೋಡಬೇಕು? ನಾಚಿಕೆಯೇ ಇವನಿಗೆ?’ ಬಾಯಿವರೆಗೆ ಬಂದದ್ದನ್ನು ಅವಳು ನುಂಗಿಕೊಂಡಳು.

ಮಾರ್ಚ್ ಬಂತು. ಗುಡುಗಿಗೆ ಹುಳಹುಪ್ಪಟೆಗಳು ಕಣ್ಣು ಬಿಡುವ ದಿನ ಬಂತು. ಅಂದು ಚಾಡಿಕೋರರೂ ಮೈಮುರಿದು ಏಳುತ್ತಾರೆ ಎಂದು ಊರಿನ ನಂಬಿಕೆ. ಹಾಗಾಗಿ ಹೊಡೆಸುವವರ ಸಾಲು ಟ್ರಾಮಿನ ಹಳಿಯವರೆಗೂ ಬೆಳೆದಿತ್ತು.

ಬೆಳಗಿನಿಂದ ಸರದಿಯಲ್ಲಿ ನಿಂತಿದ್ದ ಒಬ್ಬ ಹೆಂಗಸು ಬಂದು ಸ್ಟೂಲಿನ ಮೇಲೆ ದೊಪ್ಪೆಂದು ಕೂತಳು. ಮಡಿಸಿದ ಛತ್ರಿಯನ್ನು ಮಡಿಲಲ್ಲಿ ಅಡ್ಡ ಇಟ್ಟುಕೊಂಡಳು.

“ಶಾವ್ ಕೀ ವಾನ್‌ನಿಂದ ಬಂದಿದೀನಿ ಹುಡುಗಿ, ಚೆನ್ನಾಗಿ ಹೊಡೀಬೇಕು. ನನ್ನ ಮಗ ಬಂಗಾರದಂಥವನು. ಪ್ರತಿ ಭಾನುವಾರ ನನ್ನ ಜೊತೆ ಚಹಾಕ್ಕೆ ಬರೋನು, ಸೀಗಡಿ ಕಡುಬು ಬಂದ್ರೆ ಮೊದಲನೇದು ನನ್ನ ತಟ್ಟೆಗೇ ಹಾಕೋನು. ಈಗ? ಯಾವಳೋ ಬಲೆಗೆ ಹಾಕ್ಕೊಂಡಿದಾಳೆ! ಭಾನುವಾರ ಬಂದ್ರೆ ನಾನು ಒಬ್ಬಳೇ. ಪಕ್ಕದ ಟೇಬಲ್ಲಿನೋರು ಎದುರಿಗಿನ ಕುರ್ಚಿ ಖಾಲಿನಾ ಅಂತ ಕೇಳಿ ಎತ್ಕೊಂಡು ಹೋಗ್ತಾರೆ!”

“ಅಯ್ಯೋ ಪಾಪ! ಹೊಡೆಯೋಣ ಬಿಡಿ ಆಂಟಿ,” ಹೋಯ್-ಲಾಮ್ ಪೆನ್ನು ತೆಗೆದಳು. “ಅವಳ ಹೆಸರು?”

“ತೋ ಹೋಯ್-ಲಾಮ್.”

ಪೆನ್ನು ನಿಂತಿತು. ಮನೆತನದ ಹೆಸರೂ ಸೇರಿ ಅದು ಅವಳದೇ!

ಅವಳು ಮೆಲ್ಲಗೆ ತಲೆ ಎತ್ತಿದಳು. ಅದೇ ಅಗಲ ಕಿವಿ. ಮಾತಾಡುವಾಗ ಅದೇ ರೀತಿ ಮೇಲೇರುವ ಎಡ ಹುಬ್ಬು. ದೇವರೇ... ಇವರು ಲೋಕ್-ಹಾಂಗ್‌ನ ಅಮ್ಮ!

ಪಕ್ಕದಲ್ಲಿ ಅಜ್ಜಿಯ ಬಾಯಿಂದ ಕಿತ್ತಳೆ ತೊಳೆ ಜಾರಿ ಬಿತ್ತು.

‘ಎದ್ದು ಓಡಿಹೋಗಲೇ? ತಲೆನೋವೆಂದು ಹೇಳಲೇ?’ ಆದರೆ ಸಾಲಿನಲ್ಲಿ ಬೆಳಗಿನಿಂದ ಕಾದು ಬಂದ ಹೆಂಗಸು. ನೋವಿರುವುದಂತೂ ನಿಜ, ಕಣ್ಣಂಚು ಒದ್ದೆಯಾಗಿತ್ತು. ಅಜ್ಜಿ ಚಪ್ಪಲಿ ಕೈಗಿಡುವಾಗ ಹೇಳಿದ್ದು ಒಂದೇ ಮಾತು: ಕೈ ಯಾರದ್ದಾದರೂ ಆಗಲಿ, ಚಪ್ಪಲಿಗೆ ಪಕ್ಷಪಾತ ಇರಬಾರದು.

ಹೋಯ್-ಲಾಮ್ ತನ್ನ ಹೆಸರನ್ನು ತಾನೇ ಬರೆದಳು. ಇಟ್ಟಿಗೆಯ ಮೇಲಿಟ್ಟಳು. ಚಪ್ಪಲಿ ಎತ್ತಿದಳು.

“ತಲೆಗೆ ಹೊಡೀತೀನಿ, ಕೆಟ್ಟ ಯೋಚನೆ ಬಾರದಿರಲಿ...

ಬಾಯಿಗೆ ಹೊಡೀತೀನಿ, ತಾಯಿ ಮಗನ ನಡುವೆ ಮಾತು ತಾರದಿರಲಿ...

ಕಾಲಿಗೆ ಹೊಡೀತೀನಿ, ಬೇರೆಯವರ ಮನೆ ಹೊಸಿಲು ತುಳಿಯದಿರಲಿ...”

“ಕೈಗೆ! ಕೈಗೂ ಹೊಡಿ!” ಎಂದಳು ತಾಯಿ. “ಆ ಕೈಯಿಂದಲೇ ತಾನೆ ಹಿಡ್ಕೊಂಡಿರೋದು!”

ಹೋಯ್-ಲಾಮ್ ತನ್ನ ಕೈ ನೋಡಿಕೊಂಡಳು. ಫಿರಂಗಿಯ ದಡದಿಂದ ವಾಪಸು ಬರುವಾಗ ಲೋಕ್-ಹಾಂಗ್ ಮೊದಲ ಸಲ ಹಿಡಿದದ್ದು ಇದೇ ಕೈಯನ್ನು.

“ಕೈಗೆ ಹೊಡೀತೀನಿ... ತನ್ನದಲ್ಲದ್ದನ್ನ... ಹಿಡಿಯದಿರಲಿ...”

ಏಟು ಒಂದೂ ಮೆತ್ತಗಾಗಲಿಲ್ಲ. ಬೊಂಬೆ ಚಿಂದಿಯಾಯಿತು. ಅವಳು ಅದನ್ನು ಸುಟ್ಟು, ಅರ್ಧಚಂದ್ರದಂಥ ಎರಡು ಮರದ ತುಂಡುಗಳನ್ನು ನೆಲಕ್ಕೆ ಹಾಕಿದಳು. ಒಂದು ಅಂಗಾತ, ಒಂದು ಮಗುಚಿ ಬಿದ್ದರೆ ದೇವರು ಒಪ್ಪಿದ ಹಾಗೆ. ಎರಡೂ ಮಗುಚಿ ಬಿದ್ದವು. ಮತ್ತೆ ಹಾಕಿದಳು. ಮತ್ತೆ ಅದೇ!

“ಯಾಕೆ? ಯಾಕೆ ಒಪ್ಪಲ್ಲ? ಸರಿಯಾಗಿ ಹೊಡೆದ್ಯಲ್ಲ!” ತಾಯಿ ರೇಗಿದಳು. “ಹೇಳು ಹುಡುಗಿ... ಅಯ್ಯೋ, ನೀನ್ಯಾಕೆ ಅಳ್ತಿದೀಯಾ?”

ಸುಮ್ಮನಿದ್ದುಬಿಡಬಹುದಿತ್ತು. ಹೊಗೆ ಎನ್ನಬಹುದಿತ್ತು. ಆದರೆ ಅವಳಿಂದ ಆಗಲಿಲ್ಲ.

“ಹೊಡೆಸಿಕೊಂಡೋಳೇ ಹೊಡೆದ್ರೆ ದೇವರಾದ್ರೂ ಹೇಗೆ ಒಪ್ತಾನೆ ಆಂಟಿ? ತೋ ಹೋಯ್-ಲಾಮ್... ನಾನೇ.”

ಸೇತುವೆಯ ಮೇಲೆ ಬಸ್ಸುಗಳು ಗುಡುಗುತ್ತಿದ್ದವು. ತಾಯಿ ಚಪ್ಪಲಿ ನೋಡಿದಳು, ಬೂದಿ ನೋಡಿದಳು, ಹುಡುಗಿಯ ಮುಖ ನೋಡಿದಳು. ಎದ್ದು ಹೊರಟುಹೋದಳು. ಛತ್ರಿ ಅಲ್ಲೇ ಉಳಿಯಿತು.

ಸಂಜೆ ಲೋಕ್-ಹಾಂಗ್ ಟಾರ್ಟಿನ ಪೊಟ್ಟಣ ಹಿಡಿದು ನಗುತ್ತಾ ಬಂದ. ಪಾಪ, ಅವನಿಗೇನೂ ಗೊತ್ತಿರಲಿಲ್ಲ. ಎಲ್ಲ ಕೇಳಿ ಮುಖ ಬಿಳುಚಿಕೊಂಡ.

“ದಿನಾ ನೂರು ಜನರ ಮುಂದೆ ಮೈಕಲ್ಲಿ ನಮ್ಮ ಕಸುಬನ್ನ ಹೊಗಳ್ತೀಯಾ. ನಿಮ್ಮಮ್ಮ ಒಬ್ಬರ ಮುಂದೆ ಹೇಳೋಕೆ ನಾಲಿಗೆ ಬರ್ಲಿಲ್ವಾ? ಭಾನುವಾರ ಎಲ್ಲಿಗೆ ಹೋಗ್ತೀನಿ ಅಂದಿದ್ದೆ?”

“ಕೆಲಸ ಇದೆ ಅಂದಿದ್ದೆ...”

“ಸುಳ್ಳು ಬೇರೆ! ನನ್ನ ಕಂಡ್ರೆ ನಾಚಿಕೆ ಅಲ್ವಾ?”

“ನಾಚಿಕೆ ಅಲ್ಲ ಲಾಮ್! ಹೆದರಿಕೆ. ಅಮ್ಮ ಬೇಡ ಅಂದುಬಿಟ್ರೆ ಅಂತ... ನಾನು ಹೇಡಿ, ಒಪ್ಕೋತೀನಿ.”

“ಹೇಡಿಗೆ ನನ್ನ ಹತ್ರ ಕೆಲಸ ಇಲ್ಲ. ಹೋಗು.”

ಅವನು ಹೋದ. ಅವಳು ಅಂದು ಅತ್ತಷ್ಟು ಎಂದೂ ಅತ್ತಿರಲಿಲ್ಲ. ಆಮೇಲಿನ ದಿನಗಳಲ್ಲಿ ಸೇತುವೆಯ ಕೆಳಗೆ ಗಿರಗಿಟ್ಲೆ ಕಾಣಲಿಲ್ಲ, ಮೈಕು ಕೇಳಲಿಲ್ಲ. ಹೋಗು ಎಂದವಳು ತಾನೇ, ಈಗ ಬರಲಿ ಎಂದು ಯಾರ ಮುಂದೆ ಹೇಳಿಕೊಳ್ಳುವುದು?

“ಟಾರ್ಟ್ ತಿಂದು ಅಭ್ಯಾಸ ಆಗಿಹೋಗಿದೆ ಕಣೇ,” ಎಂದು ಅಜ್ಜಿ ನಿಟ್ಟುಸಿರಿಟ್ಟಳು. “ನಿನ್ನ ಸ್ವಾಭಿಮಾನಕ್ಕೆ ನನ್ನ ಬಾಯಿಗೂ ಉಪವಾಸ!”

ಒಂದು ದಿನ, ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ, ಸ್ಟೂಲಿನ ಮೇಲೆ ಯಾರೋ ದೊಪ್ಪೆಂದು ಕೂತರು. ಹೋಯ್-ಲಾಮ್ ತಲೆ ಎತ್ತಿ ನೋಡಿ ಥಟ್ಟನೆ ಎದ್ದು ನಿಂತಳು.

“ಛತ್ರಿಗೆ ಬಂದ್ರಾ ಆಂಟಿ? ತೆಗೆದಿಟ್ಟಿದೀನಿ.”

“ಛತ್ರಿ ಇರ್ಲಿ. ಅವತ್ತು ಕೆಲಸ ಅರ್ಧಕ್ಕೇ ನಿಂತಿತ್ತು. ಕೆಂಪು ಕಾಗದ ಸುಡಲೇ ಇಲ್ಲ. ತಗೋ, ಸುಡು.”

ಅವಳು ಕಾಗದ ತೆಗೆದಳು.

“ನಿಲ್ಲು. ಅದರ ಮೇಲೆ ಹೆಸರು ಬರಿ.”

“ಇದಕ್ಕೆ ಹೆಸರು ಬರೆಯಲ್ಲ ಆಂಟಿ. ಯಾರಾದ್ರೂ ಪುಣ್ಯಾತ್ಮರು ಬರ್ಲಿ ಅಂತ ಅಷ್ಟೇ...”

“ಯಾರಾದ್ರೂ ಯಾಕೆ ಬೇಕು? ನಂಗೆ ಯಾರು ಬೇಕು ಅಂತ ಗೊತ್ತಿದೆ.” ತಾಯಿ ಗಂಟಲು ಸರಿಮಾಡಿಕೊಂಡಳು. “ಬರಿ. ತೋ ಹೋಯ್-ಲಾಮ್.”

ಹೋಯ್-ಲಾಮ್‌ಗೆ ಉಸಿರೇ ನಿಂತಂತಾಯಿತು.

“ನಿದ್ದೆ ಬಂದಿಲ್ಲ ಕಣೇ ನಂಗೆ. ಕಣ್ಣು ಮುಚ್ಚಿದ್ರೆ ನಿನ್ನ ಚಪ್ಪಲಿ ಸದ್ದು. ಕೈಗೆ ಹೊಡಿ ಅಂದಾಗ ನಿನ್ನ ಮಾತು ತಡವರಿಸ್ತಿತ್ತು, ಆದ್ರೂ ಏಟು ಮೆತ್ತಗೆ ಮಾಡ್ಲಿಲ್ಲ ನೀನು. ನನ್ನ ಮಗ ನೋಡು, ಭಾನುವಾರ ಕೆಲಸ ಅಂತ ಸುಳ್ಳು ಹೇಳಿದ. ಸುಳ್ಳು ಹೇಳದೋಳು ಒಬ್ಬಳಾದ್ರೂ ನನ್ನ ಮನೇಲಿ ಬೇಡ್ವಾ?”

ಅವಳು ಬರೆದಳು. ಅಕ್ಷರಗಳ ಮೇಲೆ ಕಣ್ಣೀರು ಬಿದ್ದು ಕೆಂಪು ಹರಡಿತು. ಕಾಗದ ಉರಿದು ಹೋಯಿತು. ಮರದ ತುಂಡುಗಳನ್ನು ಹಾಕಲು ಧೈರ್ಯ ಬರದೆ ಅವುಗಳನ್ನು ತಾಯಿಯ ಕೈಗೇ ಕೊಟ್ಟಳು. ತಾಯಿ ಎಸೆದಳು.

ಒಂದು ಅಂಗಾತ. ಒಂದು ಮಗುಚಿ.

“ಒಪ್ಪಿದ!” ಅಜ್ಜಿ ಚಪ್ಪಾಳೆ ತಟ್ಟಿದಳು. “ಏ ಹೇಡಿ, ಕಂಬದ ಹಿಂದಿಂದ ಬಾರೋ ಈಚೆ! ಗಿರಗಿಟ್ಲೆ ಕಾಣಿಸ್ತಿದೆ!”

ಕಂಬದ ಹಿಂದಿನಿಂದ ಲೋಕ್-ಹಾಂಗ್ ಬಂದ. ಅವನ ಹಿಂದೆ ಅವನ ಪ್ರವಾಸಿಗರ ದಂಡೂ ಬಂತು. ತಾಯಿ ಮಗನ ಕುತ್ತಿಗೆಯ ಮೈಕು ಎಳೆದುಕೊಂಡಳು.

“ಎಲ್ಲರೂ ಸರಿಯಾಗಿ ನೋಡ್ಕೊಳ್ಳಿ! ಈ ಬಡಾವಣೇಲಿ ನೋಡಲೇಬೇಕಾದೋಳು ಇವಳೇ. ನನ್ನ ಸೊಸೆ ಆಗೋಳು! ಭಾನುವಾರ ನನ್ನ ಜೊತೆ ಚಹಾಕ್ಕೆ ಬರ್ತಾಳೆ. ಅಜ್ಜಿನೂ ಬರ್ಬೇಕು. ಇವನು... ನೋಡೋಣ.”

ಜನ ಶಿಳ್ಳೆ ಹೊಡೆದರು. ಹೋಯ್-ಲಾಮ್ ನಾಚಿ ಮುಖ ಮುಚ್ಚಿಕೊಂಡಳು. ಸಂತೋಷಕ್ಕೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಆಗ ಬಂದರಿನ ಕಡೆಯಿಂದ ಫಿರಂಗಿ ಢಂ ಎಂದಿತು. ಅಜ್ಜಿ ಊಟದ ಡಬ್ಬಿ ತೆಗೆದಳು. ಲೋಕ್-ಹಾಂಗ್ ಮೆಲ್ಲಗೆ ಬಗ್ಗಿ ಹೋಯ್-ಲಾಮ್‌ಳ ಕಿವಿಯ ಹತ್ತಿರ ಹೇಳಿದ.

“ನನ್ನ ಮದುವೆ ಆಗ್ತೀಯಾ?”

ಇಲ್ಲಿಗೆ ಫಿರಂಗಿಯ ಸದ್ದು ಅಷ್ಟು ಜೋರಿಲ್ಲ. ಪ್ರತಿ ಅಕ್ಷರವೂ ಕೇಳಿಸಿತು.

“ಅವತ್ತು ದಡದಲ್ಲಿ ಹೇಳಿದ್ದೂ...”

“ಇದೇ.”

“ಅಷ್ಟು ಬೇಗ? ನನ್ನ ಪರಿಚಯವೇ ಸರಿಯಾಗಿ ಆಗಿರ್ಲಿಲ್ಲ!”

“ಅದಕ್ಕೇ ಫಿರಂಗಿ ಹಾರೋವಾಗ ಹೇಳಿದ್ದು. ಹೇಡಿ ತಾನೆ ನಾನು!” ಅವನ ಕಿವಿಗಳು ಕೆಂಪಾದವು. “ದೇವರನ್ನ ಕೇಳ್ತೀಯಾ?”

ಅವಳು ಮರದ ತುಂಡುಗಳನ್ನು ಎತ್ತಿಕೊಂಡಳು. ಒಂದು ಕ್ಷಣ ನೋಡಿದಳು. ಆಮೇಲೆ ಅವನ್ನು ಬುಟ್ಟಿಯೊಳಗಿಟ್ಟು ಮುಚ್ಚಳ ಹಾಕಿದಳು.

“ಇದರಲ್ಲಿ ದೇವರನ್ನ ಕೇಳೋದೇನಿದೆ? ಆಗ್ತೀನಿ.” ಅವಳು ಚಪ್ಪಲಿ ಎತ್ತಿದಳು. “ಆದ್ರೆ ಇನ್ನೊಂದ್ಸಲ ಏನಾದ್ರೂ ಮುಚ್ಚಿಟ್ರೆ... ಹೆಸರು ಹೇಳು, ಈಗಲೇ ಬರೆದಿಟ್ಕೋತೀನಿ!”

“ಲೋಕ್-ಹಾಂಗ್,” ಎಂದು ಅವನು ಆ ಚಪ್ಪಲಿ ಹಿಡಿದ ಕೈಯನ್ನೇ ಹಿಡಿದುಕೊಂಡ. “ಪಕ್ಕದಲ್ಲಿ, ನಿನ್ನ ಗಂಡ ಅಂತ ಬರ್ಕೋ.”