ಅರ್ಧ ಕೆಂಪು, ಅರ್ಧ ಬೂದು

"ನಮ್ಮ ಡ್ಯಾಡ್ ಅರ್ಧ ಕಾರಿಗೆ ಪ್ರೈಮರ್ ಹೊಡೆದುಬಿಟ್ಟಿದಾರೆ ಕಣೇ. ಅವರ ಅರ್ಧಕ್ಕೆ ಮಾತ್ರ."

ಐವಿ ಇದನ್ನು ಹೇಳಿದ್ದು ಶಾಲೆಯ ಗೇಟಿನ ಹತ್ತಿರ, ಬಾಯಿ ತುಂಬ ಚಿಪ್ಸ್ ಇಟ್ಟುಕೊಂಡು. ಹೆಟ್ಟಿಗೆ ಮೊದಲು ಅರ್ಥವೇ ಆಗಲಿಲ್ಲ.

"ಕಾರಲ್ಲಿ ಅವರ ಅರ್ಧ ಅಂತ ಯಾವುದಿದೆ?"

"ಸ್ಟೀರಿಂಗ್ ಇರೋ ಕಡೆ. ಮೂತಿಯಿಂದ ಬಾಲದ ತನಕ ಮಧ್ಯದಲ್ಲಿ ಟೇಪ್ ಅಂಟಿಸಿದಾರೆ. ಈ ಕಡೆ ಎಲ್ಲಾ ಕೆಂಪು. ಆ ಕಡೆ ನಿಮ್ಮ ಡ್ಯಾಡ್‌ದಂತೆ, ಬೇಕಾದ್ದು ಬಳ್ಕೊಳ್ಳಲಿ ಅಂದ್ರು."

ಐವಿಯ ಅಪ್ಪ ರೋಲಂಡ್, ಹೆಟ್ಟಿಯ ಅಪ್ಪ ಕ್ಲೈವ್. ಇಬ್ಬರೂ ಅಣ್ಣ ತಮ್ಮ. ಕವೆಂಟ್ರಿ ಊರಿನ ಒಂದೇ ಬೀದಿಯಲ್ಲಿ ಅಕ್ಕಪಕ್ಕದ ಮನೆ, ನಡುವೆ ಒಂದು ಮರದ ಬೇಲಿ. ಮನೆಗಳ ಹಿಂಭಾಗದಲ್ಲಿ ಎರಡಕ್ಕೂ ಸೇರಿ ಒಂದೇ ಗ್ಯಾರೇಜು. ಅದರೊಳಗೆ ತೀರಿಹೋದ ತಾತನ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ತಲೆಯ ಮೇಲೆ ಚಾವಣಿ ಇಲ್ಲ, ವಯಸ್ಸಿನಲ್ಲಿ ಇಬ್ಬರಿಗಿಂತ ದೊಡ್ಡದು.

ಅದನ್ನು ಹೊಸದರ ಹಾಗೆ ಮಾಡುತ್ತೇವೆಂದು ಇಬ್ಬರೂ ಸೇರಿ ಹಳೆಯ ಬಣ್ಣವನ್ನೆಲ್ಲ ಕೆರೆದು ತೆಗೆದಿದ್ದರು. ಬರೀ ತಗಡು ಉಳಿದಾಗ ಒಂದು ಪ್ರಶ್ನೆ ಬಂತು. ಬಣ್ಣಕ್ಕೆ ಮುಂಚೆ ಕೆಳಗೆ ಯಾವ ಪ್ರೈಮರ್ ಹೊಡೆಯಬೇಕು?

ಆ ಪ್ರಶ್ನೆಯ ಮೇಲೆ ಒಂದು ಇಡೀ ಚಳಿಗಾಲ ಕಳೆಯಿತು. ದಿನಾ ಸಂಜೆ ಇಬ್ಬರೂ ಟೀ ಮಗ್ ಹಿಡಿದು ಕಾರಿನ ಎರಡು ಪಕ್ಕ ನಿಲ್ಲುತ್ತಿದ್ದರು. ರೋಲಂಡ್ ಅಂಕಲ್‌ಗೆ ತಾತ ಹಚ್ಚುತ್ತಿದ್ದ ಕೆಂಪು ಪ್ರೈಮರ್, ರೆಡ್ ಆಕ್ಸೈಡೇ ಆಗಬೇಕು. ಹೆಟ್ಟಿಯ ಅಪ್ಪನಿಗೆ ಎರಡು ಡಬ್ಬಿಯದನ್ನು ಬೆರೆಸಿ ಹೊಡೆಯುವ ಎಪಾಕ್ಸಿ ಆಗಬೇಕು. ಅಷ್ಟು ಹೊತ್ತು ಮಾತಾಡಿದ್ದರೆ ಪಾರ್ಲಿಮೆಂಟಿನಲ್ಲೂ ಒಂದು ಕಾನೂನು ಪಾಸಾಗುತ್ತಿತ್ತು. ಇಲ್ಲಿ ಟೀ ಮಾತ್ರ ಖರ್ಚಾಯಿತು.

ಆಮೇಲೆ ಮಾತೂ ನಿಂತಿತು. ಜಗಳವೇನೂ ಆಗಲಿಲ್ಲ. ಯಾರೂ ಕಿರುಚಲಿಲ್ಲ, ಯಾವ ಬಾಗಿಲೂ ಧಡಾರೆನ್ನಲಿಲ್ಲ. ಇಬ್ಬರೂ ವಿಪರೀತ ಮರ್ಯಾದಸ್ಥರಾದರು ಅಷ್ಟೆ. ಮರ್ಯಾದೆಯನ್ನು ಬೇಲಿಯ ಆಚೆ ಈಚೆ ಹೊತ್ತು ತಿರುಗುವ ಕೆಲಸ ಹೆಟ್ಟಿಗೆ ಬಿತ್ತು.

"ಹೆಟ್ಟಿ, ನಿಮ್ಮ ಅಂಕಲ್‌ಗೆ ಹೇಳು, ತುಂಬಾ ಥ್ಯಾಂಕ್ಸ್ ಅಂತ. ಆದ್ರೆ ಗೇಟಿಗೆ ಬಳಿಯೋದನ್ನ ನಾನು ಕಾರಿಗೆ ಬಳಿಯಲ್ಲ ಅಂತ."

"ಹೆಟ್ಟಿ ಪುಟ್ಟಾ, ನಿಮ್ಮ ಡ್ಯಾಡ್‌ಗೆ ಹೇಳಮ್ಮ, ಬೇಜಾರು ಮಾಡ್ಕೋಬೇಡ ಅಂತ. ಆದ್ರೆ ಡಬ್ಬಿ ಹಿಂದೆ ಬರೆದಿರೋದನ್ನ ಕನ್ನಡಕ ಹಾಕ್ಕೊಂಡು ಓದೋಕೆ ಹೇಳು."

ಅರ್ಧ ಕೆಂಪು ಕಾರನ್ನು ನೋಡಿದ ದಿನ ಅಪ್ಪ "ಓಹೋ, ಚೆನ್ನಾಗಿದೆ" ಎಂದು ಮಾತ್ರ ಹೇಳಿದ. ಅಪ್ಪ ಹಾಗೆ ಮೆಲ್ಲಗೆ ಹೇಳಿದರೆ ಮನೆಯಲ್ಲಿ ಎಲ್ಲರೂ ದೂರ ಇರುತ್ತಾರೆ. ಮರುದಿನವೇ ಅವನು ಎಪಾಕ್ಸಿ ಬೆರೆಸಿ ತನ್ನ ಅರ್ಧಕ್ಕೆ ಬೂದು ಬಣ್ಣ ಹೊಡೆದ. ಏಪ್ರಿಲ್ ತಿಂಗಳು, ಬಾಯಿ ಬಿಟ್ಟರೆ ಹೊಗೆ ಬರುವಷ್ಟು ಚಳಿ. ಗ್ಯಾರೇಜಿನಲ್ಲಿದ್ದ ಹೀಟರು ರೋಲಂಡ್ ಅಂಕಲ್‌ದು. ಅದನ್ನು ಕೇಳುವುದಕ್ಕಿಂತ ಚಳಿಯಲ್ಲಿ ನಡುಗುವುದೇ ವಾಸಿ ಎಂದುಕೊಂಡ.

ಶಾಲೆಯಲ್ಲಿ ಐವಿ ಈ ಕಾರಿನ ಚಿತ್ರ ಬರೆದು ಎಲ್ಲರಿಗೂ ತೋರಿಸಿದಳು. ಅದು ದೊಡ್ಡ ತಪ್ಪಾಯಿತು.

"ಇದು ಕಾರಾ, ಐಸ್‌ಕ್ರೀಮಾ?" ಎಂದು ಅವರ ಕ್ಲಾಸಿನ ವಿಲ್ಫ್ ಕೇಳಿದ. "ಮೆರವಣಿಗೇಲಿ ಯಾವ ಅರ್ಧ ಮುಂದೆ ಹೋಗುತ್ತೆ?"

ಇಡೀ ಕ್ಲಾಸು ನಕ್ಕಿತು. ಹೆಟ್ಟಿಗೆ ನಗು ಬರಲಿಲ್ಲ. ಜೂನ್‌ನಲ್ಲಿ ಊರಿನ ಹಳೇ ಕಾರುಗಳ ಮೆರವಣಿಗೆ. ಹೋಗುವಾಗ ಅಪ್ಪನ ಪಕ್ಕ ಹೆಟ್ಟಿ, ಬರುವಾಗ ರೋಲಂಡ್ ಅಂಕಲ್ ಪಕ್ಕ ಐವಿ. ಹಾಗಂತ ತಾತ ಬದುಕಿದ್ದಾಗಲೇ ತೀರ್ಮಾನವಾಗಿತ್ತು. ಹೆಟ್ಟಿ ಅದಕ್ಕೆಂದು ತಲೆಗೆ ಕಟ್ಟುವ ಹಳದಿ ಸ್ಕಾರ್ಫನ್ನೂ ಆರಿಸಿಟ್ಟಿದ್ದಳು.

ಶನಿವಾರ ಅವಳು ಗ್ಯಾರೇಜಿಗೆ ಹೋಗಿ ಕಾರನ್ನು ಸುತ್ತು ಹಾಕಿ ನೋಡಿದಳು. ಕೆಂಪು ಅರ್ಧದ ಮೇಲೆ ಸೂರಿನಿಂದ ನೀರು ತೊಟ್ಟಿಕ್ಕಿತ್ತು. ತೊಟ್ಟಿಕ್ಕಿದ ಕಡೆಯೆಲ್ಲ ಕಂದು ಗೆರೆಗಳು, ಕಾರು ಅತ್ತ ಹಾಗೆ. ನೀರು ಪ್ರೈಮರ್ ಒಳಗೆ ಇಳಿದು ಕೆಳಗಿನ ತಗಡು ಆಗಲೇ ತುಕ್ಕು ಹಿಡಿಯುತ್ತಿತ್ತು.

ಬೂದು ಅರ್ಧವಾದರೂ ಹೇಗಿದೆ ನೋಡೋಣ ಎಂದು ಅವಳು ಬಾಗಿಲಿಗೆ ಒರಗಿದಳು. ಒರಗಿದವಳಿಗೆ ಏಳಲು ಆಗಲಿಲ್ಲ. ಸ್ವೆಟರಿನ ತೋಳು ಅಂಟಿಕೊಂಡುಬಿಟ್ಟಿತ್ತು. ಎಳೆದಾಗ ನೂಲು ಕಾರಿನ ಮೇಲೇ ಉಳಿಯಿತು. ಅಲ್ಲಿ ಅದೊಂದೇ ಇರಲಿಲ್ಲ. ಎರಡು ನೊಣ, ಒಂದು ಒಣಗಿದ ಎಲೆ, ಬಾನೆಟ್ ಮೇಲೆ ಉದ್ದಕ್ಕೂ ಬೆಕ್ಕಿನ ಹೆಜ್ಜೆ. ಚಳಿಗೆ ಎಪಾಕ್ಸಿ ಒಣಗಿರಲೇ ಇಲ್ಲ.

ಮಧ್ಯದಲ್ಲಿ, ಟೇಪ್ ಇದ್ದ ಕಡೆ, ಬೂದು ಬಣ್ಣ ಒಂದಿಷ್ಟು ಕೆಂಪಿನ ಮೇಲೆ ಹತ್ತಿತ್ತು. ಅಲ್ಲಿ ಎರಡೂ ಸೇರಿ ಕಾದ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿ ಎದ್ದಿದ್ದವು.

ಹೆಟ್ಟಿ ಅಡುಗೆಮನೆಗೆ ಬಂದು ಕಂಡದ್ದನ್ನೆಲ್ಲ ಹೇಳಿದಳು. ಅಪ್ಪ ಸಿಂಕಿನ ಮುಂದೆ ಮಗ್ ತೊಳೆಯುತ್ತಿದ್ದ. ಅಪ್ಪನ ಅಮ್ಮ, ಎಲ್ಲರೂ ನ್ಯಾನ್ ಎನ್ನುವವಳು, ಮೇಜಿನ ಹತ್ತಿರ ಕೂತು ಟೋಸ್ಟಿಗೆ ಕಿತ್ತಳೆ ಸಿಪ್ಪೆಯ ಜಾಮ್, ಮಾರ್ಮಲೇಡ್, ಸವರುತ್ತಿದ್ದಳು.

"ಸುಕ್ಕು ಬಂದಿದ್ರೆ ಅದು ರೋಲಂಡ್‌ನ ಕೆಂಪಿಂದ" ಎಂದ ಅಪ್ಪ.

"ನಿಂದು ಅಂಟ್ತಿದೆ, ಡ್ಯಾಡ್. ನನ್ನ ತೋಳು ನೋಡು."

"ಅದು ಹವಾಮಾನದಿಂದ."

"ಇಬ್ಬರು ಗಂಡುಮಕ್ಕಳನ್ನ ಹೆತ್ತೆ ಅಂದ್ಕೊಂಡಿದ್ದೆ" ಎಂದಳು ನ್ಯಾನ್ ಟೋಸ್ಟಿನಿಂದ ತಲೆ ಎತ್ತದೆ. "ಒಂದೇ ಕತ್ತೇನ ಎರಡು ಸಲ ಹೆತ್ತಿದೀನಿ."

ಅಪ್ಪ ತೊಳೆದ ಮಗ್ಗನ್ನೇ ಮತ್ತೆ ತೊಳೆದ. ಆಮೇಲೆ ಸಿಂಕ್ ಕಡೆ ನೋಡುತ್ತಲೇ ಹೇಳಿದ, "ಹೆಟ್ಟಿ, ನಿಮ್ಮ ಅಂಕಲ್‌ಗೆ ಹೇಳು. ಹೀಗಾದ್ರೆ ಆಗಲ್ಲ. ಕಾರನ್ನ ಮಾರಿಬಿಡೋಣ ಅಂತ."

ನ್ಯಾನ್‌ಳ ಚಾಕು ಟೋಸ್ಟಿನ ಮೇಲೆ ನಿಂತಿತು.

ಹೆಟ್ಟಿ ಹಿತ್ತಲಿಗೆ ಹೋದಳು. ಬೇಲಿಯ ಆಚೆ ರೋಲಂಡ್ ಅಂಕಲ್ ಗುಲಾಬಿ ಗಿಡ ಕತ್ತರಿಸುತ್ತಿದ್ದ. ನಿಜವಾಗಿ ಆಗಲೇ ಕತ್ತರಿಸಿದ ಗಿಡವನ್ನೇ ಮತ್ತೆ ಕತ್ತರಿಸುತ್ತಿದ್ದ. ಐವಿ ಅವನ ಹಿಂದೆ ಬಕೆಟ್ ಹಿಡಿದು ನಿಂತಿದ್ದಳು.

"ಏನಂದನಮ್ಮ ನಿಮ್ಮನೆ ಮಹಾರಾಜ?" ಎಂದ ಅಂಕಲ್.

ಹೆಟ್ಟಿ ಬಾಯಿ ತೆರೆದಳು. ಅಂಕಲ್ ಅವಳನ್ನೇ ನೋಡುತ್ತಿದ್ದ. ಮುಖದಲ್ಲಿ ನಗು ಇತ್ತು, ಕಿವಿ ಮಾತ್ರ ಕೆಂಪಾಗಿತ್ತು. ಅಪ್ಪನಿಗೂ ಹೀಗೇ ಆಗುತ್ತದೆ. ಡಾಕ್ಟರ ಹತ್ತಿರ ತಾತನ ವಿಷಯ ಕೇಳಲು ಹೋದ ದಿನ ಅಪ್ಪನ ಕಿವಿ ಹೀಗೇ ಇತ್ತು.

ಅಪ್ಪ ಮಾರುವ ಮಾತನ್ನು ಹೇಳಿದ್ದು ಸಿಂಕಿಗೆ. ಈ ಮುಖ ನೋಡಿಕೊಂಡು ಅವನಿಗೆ ಅದನ್ನು ಹೇಳಲು ಆಗುತ್ತಿತ್ತೇ? ಇಷ್ಟು ದಿನ ಅವಳು ಹೊತ್ತು ತಂದದ್ದರಲ್ಲಿ ಎಷ್ಟನ್ನು ಅವರಿಬ್ಬರಿಗೆ ಎದುರಿಗೆ ನಿಂತು ಹೇಳಲು ಆಗುತ್ತಿತ್ತು?

"ಏನಿಲ್ಲ" ಎಂದಳು ಹೆಟ್ಟಿ. "ಇಲ್ಲೇ ಇರಿ, ಅಂಕಲ್."

ವಾಪಸ್ ಬಂದವಳು ಅಡುಗೆಮನೆಯ ಬಾಗಿಲಲ್ಲೇ ನಿಂತಳು. "ನಾನು ಹೇಳಲ್ಲ, ಡ್ಯಾಡ್. ನೀನೇ ಹೋಗಿ ಹೇಳು. ಇನ್ನು ಮೇಲೆ ಯಾವುದನ್ನೂ ನಾನು ತಗೊಂಡು ಹೋಗಲ್ಲ."

"ಹೆಟ್ಟಿ."

"ಬೇಲಿ ಹತ್ರಾನೇ ಇದಾರೆ."

ಅಪ್ಪ ನ್ಯಾನ್ ಕಡೆ ನೋಡಿದ. ನ್ಯಾನ್ ಕಿಟಕಿಯ ಕಡೆ ನೋಡಿದಳು. ಕೊನೆಗೆ ಅಪ್ಪ ಒದ್ದೆ ಕೈಯಲ್ಲೇ ಹೊರಗೆ ಹೋದ. ಹೆಟ್ಟಿ ಹಿಂದೆಯೇ ಹೋದಳು.

"ರೋಲಂಡ್" ಎಂದ ಅಪ್ಪ.

"ಕ್ಲೈವ್" ಎಂದ ಅಂಕಲ್.

ಸ್ವಲ್ಪ ಹೊತ್ತು ಇಬ್ಬರೂ ಬೇಲಿಯ ತುದಿಯನ್ನು ಪರೀಕ್ಷೆ ಮಾಡಿದರು.

"ಮಳೆ ಬರೋ ಹಾಗಿದೆ" ಎಂದ ಅಪ್ಪ.

"ಹೂಂ. ಬರೋ ಹಾಗಿದೆ."

ಐವಿ ಬಕೆಟಿನ ಹಿಂದಿನಿಂದ ಹೆಟ್ಟಿಯನ್ನು ನೋಡಿ, ಇವರದು ಇದೇ ಆಯ್ತು ಎನ್ನುವ ಹಾಗೆ ಕಣ್ಣು ತಿರುಗಿಸಿದಳು. ಹೆಟ್ಟಿ ಕಾಯುತ್ತಿದ್ದಳು. ಮಾರೋಣ ಎಂಬ ಮಾತು ಈಗ ಬರುತ್ತದೆ, ಈಗ ಬರುತ್ತದೆ ಎಂದು ಅವಳು ಅಪ್ಪನ ಮುಖವನ್ನೇ ನೋಡುತ್ತಿದ್ದಳು.

ಅಪ್ಪ ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ. "ನಿನ್ನ ಅರ್ಧ ತುಕ್ಕು ಹಿಡೀತಿದೆಯಂತೆ" ಎಂದ.

"ಸ್ವಲ್ಪ" ಎಂದ ಅಂಕಲ್. "ನಿಂದು ಅಂಟ್ತಾ ಇದೆಯಂತೆ."

"ಸ್ವಲ್ಪ."

"ಬೆಕ್ಕು ನಡೆದಿದೆ ಅಂತ ಐವಿ ಅಂದ್ಲು."

"ಚಿಕ್ಕ ಬೆಕ್ಕು."

ಅಂಕಲ್‌ನ ಬಾಯಿ ಒಂದು ಪಕ್ಕಕ್ಕೆ ಎಳೆಯಿತು. ನಗು ತಡೆಯುವಾಗ ಅಪ್ಪನ ಬಾಯಿಯೂ ಅದೇ ಪಕ್ಕಕ್ಕೆ ಎಳೆಯುತ್ತದೆ. ಇಬ್ಬರೂ ತಡೆದುಕೊಂಡರು.

"ಎಲ್ಲಾ ಕೆರೀಬೇಕು" ಎಂದ ಅಪ್ಪ ಕೊನೆಗೆ. "ಎರಡೂ ಕಡೆ. ತಗಡಿನ ತನಕ."

"ಕೆರೀಬೇಕು. ಕೆರೆದ ಮೇಲೆ ಯಾವುದು ಹೊಡೆಯೋದು?"

ಅಡುಗೆಮನೆಯ ಕಿಟಕಿಯಿಂದ ನ್ಯಾನ್‌ಳ ದನಿ ಬಂತು. "ಮೊದ್ಲು ಕೆರೀರಿ."

"ನಾಳೆ ಎಂಟಕ್ಕೆ ಶುರು ಮಾಡೋಣ" ಎಂದ ಅಪ್ಪ.

"ಭಾನುವಾರ ಕಣೋ. ಒಂಬತ್ತಕ್ಕೆ."

"ಒಂಬತ್ತಕ್ಕೆ ಅರ್ಧ ದಿನ ಹೋಗಿರುತ್ತೆ."

"ಹಾಗಾದ್ರೆ ಎಂಟೂವರೆ. ಹೀಟರ್ ನಾನು ಹಾಕಿಟ್ಟಿರ್ತೀನಿ."

ಅಪ್ಪ ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಅಭ್ಯಾಸದಂತೆ ಹೆಟ್ಟಿಯ ಕಡೆ ತಿರುಗಿ, "ಅವನಿಗೆ ಹೇಳು..." ಎಂದು ಶುರು ಮಾಡಿದ. ಹೆಟ್ಟಿ ಆಕಾಶ ನೋಡುತ್ತ ನಿಂತಳು. ಅಪ್ಪ ಬೇಲಿಯ ಕಡೆಗೆ ತಿರುಗಿಕೊಂಡ.

"ಎಂಟೂವರೆಗೆ ಬರ್ತೀನಿ, ರೋಲಂಡ್" ಎಂದ.