ಯಾರಿಗೂ ಬೇಡವಾದ ಸ್ಟಿಕ್ಕರ್

"ಈ ಮುಖ ಬರೆದಿದ್ದು ಯಾರು?"

ಬಾಗಿಲಲ್ಲಿ ನಿಂತವನು ಒಳಗೂ ಬರಲಿಲ್ಲ, ಕೂರಲೂ ಇಲ್ಲ. ಕೈ ಚಾಚಿ ಮೊಬೈಲನ್ನು ಅವಳ ಮುಂದೆ ಹಿಡಿದ. ಪರದೆಯ ಮೇಲೆ ಕೆಂಪು ಅಂಗಿಯ ಆಟಗಾರನೊಬ್ಬ ತಲೆ ತಗ್ಗಿಸಿ ನಿಂತಿದ್ದ.

"ನಾನೇ," ಎಂದಳು ಅವಳು.

ಮೊದಲು ಪರದೆಯ ಮೇಲಿನ ಮುಖ ನೋಡಿದಳು, ಆಮೇಲೆ ಮೊಬೈಲು ಹಿಡಿದವನ ಮುಖ. ಕೂದಲು ಅಲ್ಲಲ್ಲಿ ನರೆತಿತ್ತು. ಆದರೆ ಮೂಗಿನ ಆ ಸಣ್ಣ ಡೊಂಕು... ಅದೊಂದನ್ನು ಸರಿಯಾಗಿ ಬರೆಯಲು ಅವಳು ಇಡೀ ಮಧ್ಯಾಹ್ನ ಕಳೆದಿದ್ದಳು.

"ಹಾಗಾದ್ರೆ ನೀವೇ ತೆಗೆದುಹಾಕಿ," ಎಂದ ಅವನು.

ಅದು ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಯ ಆಫೀಸು. ಅಲ್ಲಿ ತಯಾರಾಗುತ್ತಿದ್ದದ್ದು ಒಂದು ಬಿಟ್ಟಿ ಆಟ. ಡೌನ್‌ಲೋಡ್ ಬೇಡ, ದುಡ್ಡು ಬೇಡ, ಬ್ರೌಸರ್ ತೆರೆದರೆ ಸಾಕು. ದಿನಕ್ಕೊಂದು ಪ್ಯಾಕೆಟ್ ಸಿಗುತ್ತಿತ್ತು. ಒಡೆದರೆ ಒಳಗೆ ಫುಟ್‌ಬಾಲ್ ಆಟಗಾರರ ಸ್ಟಿಕ್ಕರ್‌ಗಳು. ಅವನ್ನು ಪರದೆಯ ಆಲ್ಬಮ್‌ನಲ್ಲಿ ಅಂಟಿಸಬೇಕು. ಇದ್ದದ್ದೇ ಮತ್ತೆ ಬಂದರೆ ಅದು 'ಡಬಲ್', ಬೇರೆಯವರೊಂದಿಗೆ ಬದಲಾಯಿಸಿಕೊಳ್ಳಬೇಕು. ಚಿಕ್ಕಂದಿನಲ್ಲಿ ಕಾಗದದ ಸ್ಟಿಕ್ಕರಿಗಾಗಿ ಜಗಳವಾಡಿದವರೆಲ್ಲ ಈಗ ಕೆಲಸದ ನಡುವೆ ಕದ್ದು ಇದನ್ನು ಆಡುತ್ತಿದ್ದರು. ಪ್ರೋಗ್ರಾಂ ಬರೆಯುವುದು ಯಜಮಾನನ ಕೆಲಸ, ಮುಖ ಬರೆಯುವುದು ಅವಳದು.

ಹೊಸ ಆಲ್ಬಮ್ ಊರಿನದೇ ಕ್ಲಬ್ಬಿನ ಹಳೆಯ ತಂಡದ್ದು. ಬಾಗಿಲಲ್ಲಿ ನಿಂತಿದ್ದವನು ಆ ತಂಡದ ಡಿಫೆಂಡರ್. ಫೈನಲ್ ಮುಗಿಯುವ ಹೊತ್ತಿಗೆ ಚೆಂಡನ್ನು ತನ್ನದೇ ತಂಡದ ಗೋಲಿನೊಳಗೆ ಒದ್ದವನು. ಊರು ಕೈತಪ್ಪಿದ ಕಪ್ಪನ್ನು ಮರೆಯಿತು, ಅವನನ್ನು ಮರೆಯಲಿಲ್ಲ. ಆಟ ಬಿಟ್ಟು ಡ್ರೈವಿಂಗ್ ಸ್ಕೂಲ್ ತೆರೆದ ಮೇಲೆ ಎಲ್ಲರ ಬಾಯಲ್ಲೂ ಅವನು 'ಮೇಷ್ಟ್ರು' ಆಗಿದ್ದ. ಹೇಗೋ ಮರ್ಯಾದೆಯಿಂದ ದಿನ ಸಾಗುತ್ತಿತ್ತು.

ಈಗ ಅವನ ಕಾರಿನ ಹಿಂದಿನ ಸೀಟಿನಲ್ಲಿ ಸರದಿ ಕಾಯುವವರು ಪ್ಯಾಕೆಟ್ ಒಡೆಯುತ್ತಾರಂತೆ. 'ಅಯ್ಯೋ, ಮತ್ತೆ ಇವನೇ' ಎನ್ನುತ್ತಾರಂತೆ. ಆಮೇಲೆ ಮುಂದಿನ ಸೀಟಿನಲ್ಲಿ ಅವನೇ ಕೂತಿರುವುದು ನೆನಪಾಗಿ ಮಾತು ನುಂಗುತ್ತಾರಂತೆ. ಇದನ್ನೆಲ್ಲ ಅವನು ದನಿ ಎತ್ತದೆ ಹೇಳಿದ.

"ಯಾರಿಗೂ ಬೇಡದ ಮುಖ ಅಂತ ಗೊತ್ತಿದ್ದೇ ಇಷ್ಟು ಸಲ ಹಾಕಿದ್ರಾ, ಮೇಡಂ?"

ಉತ್ತರಕ್ಕೆ ಕಾಯದೆ ಅವನು ಮೆಟ್ಟಿಲಿಳಿದು ಹೋದ.

ಯಜಮಾನನನ್ನು ಕೇಳಿದರೆ ಅವನು ನಕ್ಕ. ಹೌದು, ಬೇಕೆಂದೇ ಆ ಸ್ಟಿಕ್ಕರ್ ಎಲ್ಲಕ್ಕಿಂತ ಹೆಚ್ಚು ಬರುವಂತೆ ಮಾಡಿದ್ದ. ಜನ ಬೈಯುತ್ತಾರೆ, ತಮಾಷೆ ಮಾಡುತ್ತಾರೆ, ಆ ನೆಪದಲ್ಲಿ ಇನ್ನಷ್ಟು ಜನ ಬರುತ್ತಾರೆ. ಆಟವೆಂದ ಮೇಲೆ ಸ್ವಲ್ಪ ಮಸಾಲೆ ಬೇಡವೇ ಎಂಬುದು ಅವನ ವಾದ.

ಅವಳು ಬ್ರಷ್ ತೊಳೆಯತೊಡಗಿದಳು. 'ಮೇಷ್ಟ್ರನ್ನು ಬೀದಿಯಲ್ಲಿ ನಿಲ್ಲಿಸಿದ್ದು ಯಜಮಾನ, ಸರಿ. ಆದರೆ ತಲೆ ತಗ್ಗಿಸಿ ನಿಲ್ಲಿಸಿದ್ದು ನಾನೇ ಅಲ್ಲವೇ...'

ಮನೆಯಲ್ಲಿ ಅವಳೂ ಚಿಕ್ಕಮ್ಮನೂ ಇಬ್ಬರೇ. ಚಿಕ್ಕಮ್ಮ ಜೀವಮಾನವಿಡೀ ಹೊಲಿಗೆ ಯಂತ್ರ ತುಳಿದು, ಈಗ ಮಂಡಿನೋವಿನೊಂದಿಗೆ ಈ ಆಟ ಹಿಡಿದು ಕೂತವರು. ಎಲ್ಲ ಕೇಳಿ ಮುಗಿದ ಮೇಲೆ ಕನ್ನಡಕ ತೆಗೆದಿಟ್ಟರು.

"ಅವತ್ತು ನಾನೂ ಮೈದಾನದಲ್ಲಿದ್ದೆ ಕಣೇ. ನಾನೂ ಬಾಯಿಗೆ ಬಂದಂತೆ ಬೈದೆ. ಆದ್ರೆ ಒಂದು ಮಾತು. ಚೆಂಡು ಬರ್ತಿದ್ದಾಗ ಉಳಿದವರೆಲ್ಲ ಬಾಯಿ ಬಿಟ್ಕೊಂಡು ನಿಂತಿದ್ರು. ತಡೆಯೋಕೆ ಓಡಿದ್ದು ಅವನೊಬ್ಬನೇ."

ಅವಳು ನೋಡಿ ಬರೆದಿದ್ದ ಫೋಟೋ ಗೋಲು ಆದ ಮೇಲಿನದು. ಓಟ ಅದರಲ್ಲಿ ಇರಲಿಲ್ಲ.

ಮರುದಿನ ಬೇರೆ ಚಿತ್ರ ಬರೆದಳು. ಕತ್ತು ಮುಂದೆ ಚಾಚಿ, ಕಣ್ಣು ಚೆಂಡಿನ ಮೇಲಿಟ್ಟು, ಪ್ರಾಣ ಪಣಕ್ಕಿಟ್ಟವನಂತೆ ಓಡುತ್ತಿರುವ ಡಿಫೆಂಡರ್. ಅದನ್ನು ಯಜಮಾನನ ಮುಂದಿಟ್ಟು, ಇದು ಅತಿ ಅಪರೂಪದ ಸ್ಟಿಕ್ಕರ್ ಆಗಬೇಕು, ಇಲ್ಲದಿದ್ದರೆ ಮುಂದಿನ ಆಲ್ಬಮ್‌ಗೆ ಬೇರೆ ಚಿತ್ರಗಾರ್ತಿಯನ್ನು ಹುಡುಕಿಕೊಳ್ಳಿ ಎಂದಳು. ಯಜಮಾನ ಅವಳ ಮುಖ ನೋಡಿದ. ತಮಾಷೆಯಲ್ಲ ಎಂದು ಗೊತ್ತಾಗಿ ಒಪ್ಪಿಕೊಂಡ.

ಕೆಲವೇ ದಿನಗಳಲ್ಲಿ ಎಲ್ಲ ತಿರುವುಮುರುವಾಯಿತು. ಎಲ್ಲರಿಗೂ ಅವನೇ ಬೇಕು. ಒಂದು ಓಡುವ ಡಿಫೆಂಡರ್‌ಗೆ ಜನ ಇಡೀ ತಂಡವನ್ನೇ ಕೊಡಲು ತಯಾರಾದರು. ಚಿಕ್ಕಮ್ಮನಿಗೂ ಸಿಗಲಿಲ್ಲ, ಮನೆಯಲ್ಲೇ ಚಿತ್ರಗಾರ್ತಿಯನ್ನು ಸಾಕಿ ಏನು ಬಂತು ಎಂದು ಗೊಣಗಿದರು.

ಅವಳು ಡ್ರೈವಿಂಗ್ ಸ್ಕೂಲಿಗೆ ಹೋದದ್ದು, ನಿಜ ಹೇಳಬೇಕೆಂದರೆ, ಅವನು ನಗುವುದನ್ನು ನೋಡುವ ಆಸೆಯಿಂದ.

ಗೇಟಿನ ಹೊರಗೆ ನಾಲ್ಕಾರು ಜನ ಮೊಬೈಲು ಹಿಡಿದು ನಿಂತಿದ್ದರು. ಅವನು ಅವರಿಗೆ ಬೆನ್ನು ಹಾಕಿ, ಉರುಳಿದ ಪ್ಲಾಸ್ಟಿಕ್ ಕೋನ್‌ಗಳನ್ನು ಎತ್ತಿ ನಿಲ್ಲಿಸುತ್ತಿದ್ದ.

"ನಿನ್ನೆವರೆಗೂ ನಗೋಕೆ ಬರ್ತಿದ್ರು. ಇವತ್ತು ನೋಡೋಕೆ ಬಂದಿದಾರೆ," ಎಂದ. "ನನಗೆ ಎರಡೂ ಒಂದೇ."

"ನಿಮಗೆ ಒಳ್ಳೇದಾಗ್ಲಿ ಅಂತ..."

"ನನ್ನನ್ನ ಒಂದು ಮಾತು ಕೇಳಿದ್ರಾ?"

ಕೇಳಿರಲಿಲ್ಲ. ಅಲ್ಲಿಂದ ಹೊರಟುಹೋಗಬಹುದಿತ್ತು, ಹೋಗಲಿಲ್ಲ. ಹಾಗಾದರೆ ನಿಮಗೆ ಏನು ಬೇಕು ಎಂದು ಈಗಲಾದರೂ ಕೇಳುತ್ತಿದ್ದೇನೆ ಎಂದಳು.

ಅವನು ಕೈಯಲ್ಲಿದ್ದ ಕೋನನ್ನು ಕೆಳಗಿಡಲು ಬಹಳ ಹೊತ್ತು ತೆಗೆದುಕೊಂಡ.

"ಹನ್ನೊಂದು ಜನ ಆಡ್ತಿದ್ವಿ. ಅವರಲ್ಲಿ ನಾನೂ ಒಬ್ಬ... ಅಷ್ಟೇ ಆಗಿದ್ರೆ ಸಾಕು."

ಅವಳು ಪಟ್ಟು ಹಿಡಿದ ಮೇಲೆ ಮರುದಿನದಿಂದ ಅವನ ಸ್ಟಿಕ್ಕರ್ ಉಳಿದವರ ಹಾಗೆಯೇ ಬರತೊಡಗಿತು, ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಯಜಮಾನ ಮುಖ ಊದಿಸಿಕೊಂಡ. ಗದ್ದಲ ತಾನಾಗಿ ಇಳಿಯಿತು. ಜನ ಮುಂದಿನ ಆಲ್ಬಮ್‌ನ ಗೋಲ್‌ಕೀಪರ್ ಹಿಂದೆ ಬಿದ್ದರು.

ಕೆಲಸ ಮುಗಿದಿತ್ತು. ಆದರೂ ಅವಳು ಬರೆದ ಪ್ರತಿ ಹೊಸ ಮೂಗೂ ಸ್ವಲ್ಪ ಡೊಂಕಾಗಿ ಬರುತ್ತಿತ್ತು... ನಿಶ್ಚಿತಾರ್ಥವೊಂದು ಮುರಿದು ಬಿದ್ದ ಮೇಲೆ ಅವಳು ಯಾವ ಗಂಡಸಿನ ಬಗ್ಗೆಯೂ ಎರಡನೇ ಸಲ ಯೋಚಿಸಿದವಳಲ್ಲ. ಇದೇನಿದು ಎಂದು ತನ್ನನ್ನೇ ಗದರಿಕೊಂಡಳು. ಗದರಿಕೊಂಡ ಮಾರನೆಯ ವಾರ ಹೋಗಿ ಡ್ರೈವಿಂಗ್ ಕಲಿಯಲು ಸೇರಿದಳು.

ಕಾರೇ ಇಲ್ಲದ ಮನೆಯಲ್ಲಿ ಡ್ರೈವಿಂಗ್ ಯಾಕೆ ಎಂದು ಚಿಕ್ಕಮ್ಮ ಕೇಳಲಿಲ್ಲ. ಕಣ್ಣಲ್ಲೇ ನಕ್ಕರು.

ಮೊದಮೊದಲು ಅವನು ಆಡುತ್ತಿದ್ದದ್ದು ಕ್ಲಚ್, ಬ್ರೇಕ್, ಎಡಗಡೆ, ಬಲಗಡೆ, ಇಷ್ಟೇ ಮಾತು. ಆಮೇಲೆ ಒಂದೊಂದಾಗಿ ಬೇರೆ ಮಾತು ಬಂದವು. ಅವನ ಅಕ್ಕನ ಮನೆಯ ಸುದ್ದಿ, ಸತ್ತುಹೋದ ನಾಯಿಯ ಸುದ್ದಿ. ಒಂದು ದಿನ ಸಿಗ್ನಲ್ಲಿನಲ್ಲಿ ಕಾಯುತ್ತಿದ್ದಾಗ, ಆ ಓಡುವ ಚಿತ್ರ ನೋಡಿದೆ ಎಂದ. ನಾನು ಹಾಗೆ ಓಡಿದ್ದನ್ನು ಯಾರೂ ಗಮನಿಸಿರಲಿಲ್ಲ ಅಂದುಕೊಂಡಿದ್ದೆ ಎಂದ. ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿಬಿಟ್ಟ.

ಪರೀಕ್ಷೆಯ ದಿನ ಅವಳು ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ಕಾರು ತಿರುಗಿಸಿ ಪಾಸಾದಳು. ವಾಪಸು ಬರುವಾಗಲೂ ಅವಳೇ ಓಡಿಸಿದಳು. ಮಾರುಕಟ್ಟೆಯ ತಿರುವಿನಲ್ಲಿ ಅವನು ಗಂಟಲು ಸರಿಮಾಡಿಕೊಂಡು, ಇನ್ನು ನಾಳೆಯಿಂದ ಬರಬೇಕಾಗಿಲ್ಲ ಎಂದ. ಅವಳು ಕಾರನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಿದಳು.

"ಒಂದು ವಿಷಯ ಹೇಳ್ಲಾ ಮೇಷ್ಟ್ರೇ? ನಮ್ಮನೇಲಿ ಕಾರೇ ಇಲ್ಲ."

"ಗೊತ್ತು."

"ಹೇಗೆ ಗೊತ್ತು?"

"ನೀವು ಸೇರಿದ ವಾರವೇ ನಿಮ್ಮ ಚಿಕ್ಕಮ್ಮ ಬಂದಿದ್ರು. ನಮ್ಮ ಹುಡುಗೀನ ಬೇಗ ಪಾಸ್ ಮಾಡಿಸಬೇಡಿ ಅಂದ್ರು."

ಅವಳು ಸ್ಟೀರಿಂಗ್ ಬಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

"ಅದಕ್ಕೇ ನಿಮಗೆ ರಿವರ್ಸ್ ಒಂದನ್ನೇ ಅಷ್ಟು ದಿನ ಕಲಿಸಿದ್ದು," ಎಂದ ಅವನು. ಆಮೇಲೆ ದನಿ ತಗ್ಗಿತು. "ನೀವು ನನ್ನ ಮುಖಾನ ಫೋಟೋದಲ್ಲಿ ನೋಡಿದ್ರಿ. ನಾನು ಇಷ್ಟು ದಿನ ನಿಮ್ಮನ್ನ ಪಕ್ಕದಿಂದಲೇ ನೋಡಿದೀನಿ. ಇನ್ನು ನೋಡೋಕೆ ಸಿಗಲ್ಲ ಅಂದ್ರೆ... ನನಗೆ ಕಷ್ಟ ಆಗತ್ತೆ."

ಅವಳು ಕೈ ತೆಗೆದಳು. ಕಣ್ಣು ಒದ್ದೆಯಾಗಿತ್ತು.

"ನನಗೂ," ಎಂದಳು.

ಹಿಂದಿನಿಂದ ಯಾರೋ ಹಾರ್ನ್ ಒತ್ತಿದರು. ಅವನು ಬೆಲ್ಟ್ ಸರಿಮಾಡಿಕೊಂಡು ನೆಟ್ಟಗೆ ಕೂತ.

"ಹೊರಡೋಣ. ಇಂಡಿಕೇಟರ್ ಹಾಕಿ."

"ಎಲ್ಲಿಗೆ?"

"ನಿಮ್ಮನೆಗೆ. ಚಿಕ್ಕಮ್ಮನ ಹತ್ರ ಮಾತಾಡ್ಬೇಕು."

"ಏನಂತ?"

"ದಾರಿಯಲ್ಲಿ ಹೇಳ್ತೀನಿ," ಎಂದ ಅವನು. "ನೀವು ನಿಧಾನವಾಗೇ ಓಡಿಸಿ."